ಹಿಂದಿನ ಸೀಟು, ಮುಂದಿನ ಸೀಟು

ಕಳೆದ ವರ್ಷ ದಸರೆಗೆ ಊರಿಗೆ ಬಂದಿದ್ದ ಮಗಳು ಊಟಕ್ಕೆ ಕೂತವಳೇ, "ಅಮ್ಮಾ, ನಾನೊಂದು ಮೋಟಾರ್ ಸೈಕಲ್ ತಗೋತೀನಿ" ಎಂದಳು. ಕೇಳಿದ್ದಲ್ಲ, ಹೇಳಿದ್ದು. ನಮ್ಮ ಯಜಮಾನರು ನನ್ನ ಮುಖ ನೋಡಿದರು. ನಾನು ಸಾರಿನ ಪಾತ್ರೆ ನೋಡಿದೆ. "ಸ್ಕೂಟರ್ ಅಲ್ಲವೇ?" ಎಂದೆ. "ಅಲ್ಲ, ಮೋಟಾರ್ ಸೈಕಲ್ಲೇ. ಮೊದಲನೇ ಸಲ ತಗೊಳ್ಳೋರು ಏನು ನೋಡಬೇಕು, ನೀನೇ ಹೇಳು" ಎಂದಳು.

ಇತಿಹಾಸ ಪಾಠ ಮಾಡುವವರನ್ನು ಇಂಥ ಪ್ರಶ್ನೆ ಕೇಳಬಾರದು. ಕೇಳಿದರೆ ಉತ್ತರ ಬಹಳ ಹಿಂದಿನಿಂದ ಶುರುವಾಗುತ್ತದೆ. ನನ್ನ ಉತ್ತರವೂ ನಮ್ಮ ತಂದೆಯಿಂದಲೇ ಶುರುವಾಗಬೇಕು.

ನಮ್ಮ ತಂದೆ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಜಾವಾ ಎಂದರೆ ಯಾವುದೋ ದ್ವೀಪದ ಹೆಸರೆಂದು ನಾನು ಚಿಕ್ಕವಳಿದ್ದಾಗ ತಿಳಿದಿದ್ದೆ. ಹಾಗಲ್ಲ. ಚೆಕೊಸ್ಲೊವಾಕಿಯಾದ ಯಾನೆಚೆಕ್ ಎಂಬುವರು 1929ರಲ್ಲಿ ವಾಂಡರರ್ ಎಂಬ ಜರ್ಮನ್ ಕಂಪನಿಯಿಂದ ಮೋಟಾರ್ ಸೈಕಲ್ಲಿನ ವಿನ್ಯಾಸ ಕೊಂಡು ಕಾರ್ಖಾನೆ ತೆರೆದರು. ತಮ್ಮ ಹೆಸರಿನ ಮೊದಲೆರಡು ಅಕ್ಷರಕ್ಕೆ ಆ ಕಂಪನಿಯ ಮೊದಲೆರಡು ಅಕ್ಷರ ಸೇರಿಸಿದರು, ಜಾವಾ ಆಯಿತು. ಅದರ ತಯಾರಿಕೆಯ ಪರವಾನಗಿ ಪಡೆದು ಮೈಸೂರಿನಲ್ಲಿ ಕಾರ್ಖಾನೆ ಕಟ್ಟಿದವರು ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ. 1961ರಲ್ಲಿ ಗಾಡಿಗಳು ಹೊರಬರತೊಡಗಿದವು. 1970ರ ದಶಕದಲ್ಲಿ ಜಾವಾ ಹೆಸರು ಹೋಗಿ ಯೆಜ್ಡಿ ಎಂಬ ಹೆಸರು ಬಂತು. ಹೆಸರು ಯಾವುದಾದರೂ ನಮ್ಮ ಮನೆಯಲ್ಲಿ ಅದು ಕೊನೆಯವರೆಗೂ ಜಾವಾನೇ.

ಅದರ ವೈಶಿಷ್ಟ್ಯವನ್ನು ತಂದೆ ಮಕ್ಕಳಿಗೆ ಕಥೆಯ ಹಾಗೆ ಹೇಳುತ್ತಿದ್ದರು. ಎಂಜಿನ್ನಿಗೆ ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ಕಿಕ್ ಹೊಡೆಯುವ ಕಡ್ಡಿಯನ್ನೇ ಮುಂದಕ್ಕೆ ಮಡಿಸಿದರೆ ಅದೇ ಗೇರು. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕು. ಸಂಜೆ ಬೀದಿಯ ಕೊನೆಯಲ್ಲಿ ಅದರ ಸದ್ದು ಕೇಳಿದರೆ ಯಾರ ಮನೆಯ ಗಾಡಿಯೆಂದು ತಂದೆ ಕೂತಲ್ಲಿಂದಲೇ ಹೇಳುತ್ತಿದ್ದರು. ಆದರೆ ಸಾವಿರಾರು ಗಾಡಿಗೆ ಬೋಲ್ಟು ಬಿಗಿದ ಅವರು ವರ್ಷಗಟ್ಟಲೆ ಕಾರ್ಖಾನೆಗೆ ಹೋದದ್ದು ಸೈಕಲ್ಲಿನಲ್ಲಿ. ನಾನು ಆರನೇ ತರಗತಿಗೆ ಬಂದಾಗ ಮನೆಗೊಂದು ಹಳೆಯ ಜಾವಾ ಬಂತು. ಟ್ಯಾಂಕಿನ ಮೇಲೆ ತಮ್ಮ, ಸೀಟಿನಲ್ಲಿ ತಂದೆ, ಅವರ ಹಿಂದೆ ನಾನು, ಕೊನೆಗೆ ಒಂದೇ ಪಕ್ಕಕ್ಕೆ ಕಾಲು ಇಳಿಬಿಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅಮ್ಮ. ಚಾಮುಂಡಿ ಬೆಟ್ಟಕ್ಕೆ ಹೋಗಿ ಬರುವಷ್ಟರಲ್ಲಿ ಅಮ್ಮನ ಒಂದು ಕಾಲು ಜೋಮು ಹಿಡಿದಿರುತ್ತಿತ್ತು.

ತಮ್ಮನಿಗೆ ಹದಿನೆಂಟು ತುಂಬಿದಾಗ ತಂದೆ ಅವನನ್ನು ಮಹಾರಾಜ ಕಾಲೇಜಿನ ಮೈದಾನಕ್ಕೆ ಕರೆದುಕೊಂಡು ಹೋಗಿ ಗಾಡಿ ಕಲಿಸಿದರು. "ನನಗೂ ಕಲಿಸಿ" ಎಂದೆ. "ನಿನ್ನ ಕಾಲು ನೆಲಕ್ಕೆ ಎಟುಕಲ್ಲ. ಕಿಕ್ಕರ್ ತಿರುಗಿ ಹೊಡೆದರೆ ಕಾಲು ಮುರಿಯುತ್ತೆ" ಎಂದರು. ತಮ್ಮನ ಕಾಲೂ ಎಟುಕುತ್ತಿರಲಿಲ್ಲ. ಅದನ್ನು ನಾನು ಹೇಳಲಿಲ್ಲ. ಮರೆಯಲೂ ಇಲ್ಲ.

ಆಮೇಲೆ ಬಿ.ಎ., ಬಿ.ಎಡ್. ಓದಿ ಇತಿಹಾಸ ಪಾಠ ಹೇಳತೊಡಗಿದ ಮೇಲೆ ನನಗೆ ಒಂದು ವಿಷಯ ಹೊಳೆಯಿತು. ನಮ್ಮ ದೇಶದ ಎರಡು ಚಕ್ರದ ಗಾಡಿಯ ಚರಿತ್ರೆಯಲ್ಲಿ ಹೆಂಗಸಿಗೆ ಜಾಗ ಇಲ್ಲವೆಂದಲ್ಲ, ಹಿಂದಿನ ಸೀಟಿನಲ್ಲಿ ಖಾಯಂ ಜಾಗ ಇತ್ತು. 1960ರ ಸುಮಾರಿಗೆ ಇಟಲಿಯ ವೆಸ್ಪಾವನ್ನು ಬಜಾಜ್ ಇಲ್ಲಿ ತಯಾರಿಸತೊಡಗಿತು. 1972ರಲ್ಲಿ ಚೇತಕ್ ಬಂತು. ಎಷ್ಟು ಗಾಡಿ ತಯಾರಿಸಬೇಕೆಂಬುದಕ್ಕೂ ಸರ್ಕಾರದ ಲೈಸೆನ್ಸು ಬೇಕಿದ್ದ ಕಾಲ ಅದು. ಹಣ ಕಟ್ಟಿ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕು. ಮಗ ಹೈಸ್ಕೂಲಿಗೆ ಬಂದಾಗ ಬುಕ್ ಮಾಡಿದರೆ ಅವನ ಮದುವೆಯ ಹೊತ್ತಿಗೆ ಬರುತ್ತದೆ ಎಂದು ಜನ ತಮಾಷೆ ಮಾಡುತ್ತಿದ್ದರು. ಮದುವೆಯ ಮಾತು ಬಂದರೆ ತಮಾಷೆ ನಿಂತುಹೋಗುತ್ತಿತ್ತು. ವರದಕ್ಷಿಣೆಯ ಪಟ್ಟಿಯಲ್ಲಿ ವಾಚು, ಸೂಟಿನ ಜೊತೆಗೆ ಸ್ಕೂಟರ್ ಸೇರಿತು. ಹುಡುಗಿಯ ಅಪ್ಪ ಸಾಲ ಮಾಡಿ ಕೊಡಿಸಿದ ಗಾಡಿ, ಅಳಿಯನ ಹೆಸರಿಗೆ ರಿಜಿಸ್ಟರ್. ಹುಡುಗಿ ಅದರ ಹಿಂದಿನ ಸೀಟಿನಲ್ಲಿ. ಇಂಥ ಗಾಡಿ ನಿಮ್ಮ ಬೀದಿಯಲ್ಲೂ ಇತ್ತಲ್ಲವೇ?

ಕಾನೂನು ಕೂಡ ಅವಳನ್ನು ಅಲ್ಲೇ ಕಂಡಿತ್ತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಒಂದು ನಿಯಮವಿದೆ. ಹಿಂದೆ ಕೂರುವವರಿಗೆ ಹಿಡಿದುಕೊಳ್ಳಲು ಹಿಡಿ ಇರಬೇಕು, ಕಾಲಿಡಲು ಆಸರೆ ಇರಬೇಕು, ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂದಿನ ಚಕ್ರದ ಅರ್ಧದಷ್ಟಾದರೂ ಮುಚ್ಚಿರಬೇಕು. ಹೆಂಗಸು ಎಂಬ ಮಾತು ಅದರಲ್ಲಿಲ್ಲ, ಆದರೆ ಸೀರೆಯನ್ನು ನೋಡಿಯೇ ಬರೆದ ಹಾಗಿದೆ. ನಮ್ಮ ಬೀದಿಯ ಒಬ್ಬಾಕೆಯ ಸೆರಗು ಚಕ್ರಕ್ಕೆ ಸಿಕ್ಕಿ ಆಕೆ ಬಿದ್ದು ಮೂರು ತಿಂಗಳು ಮಲಗಿದ್ದನ್ನು ಕಂಡ ನಾನು ಆ ನಿಯಮವನ್ನು ಹಗುರವಾಗಿ ಮಾತನಾಡಲಾರೆ.

ಹೆಂಗಸಿನ ಕೈಗೆ ಹ್ಯಾಂಡಲ್ ಕೊಟ್ಟಿದ್ದು ದೊಡ್ಡ ಗಾಡಿಗಳಲ್ಲ, ಬಡಪಾಯಿ ಮೊಪೆಡ್ಡುಗಳು. 1972ರಲ್ಲಿ ಪುಣೆಯ ಕೈನೆಟಿಕ್‌ನವರು ಲೂನಾ ತಂದರು. ಪೆಡಲ್ ಇದೆ, ಪೆಟ್ರೋಲ್ ಮುಗಿದರೆ ತುಳಿದುಕೊಂಡು ಮನೆ ಸೇರಬಹುದು. 1980ರಲ್ಲಿ ಹೊಸೂರಿನಿಂದ ಇಬ್ಬರು ಕೂರಬಹುದಾದ ಟಿವಿಎಸ್ 50 ಬಂತು. 1984ರಲ್ಲಿ ಕೈನೆಟಿಕ್ ಮತ್ತು ಜಪಾನಿನ ಹೋಂಡಾ ಸೇರಿದವು, ಕೈನೆಟಿಕ್ ಹೋಂಡಾ ಬಂತು. ಗೇರಿಲ್ಲ, ಕ್ಲಚ್ಚಿಲ್ಲ, ಗುಂಡಿ ಒತ್ತಿದರೆ ಹೊರಡುತ್ತದೆ. ಕಿಕ್ಕರಿಗಾಗಿ ನಡುರಸ್ತೆಯಲ್ಲಿ ಸೀರೆ ಎತ್ತಿಕಟ್ಟುವ ಪ್ರಮೇಯವೇ ಇಲ್ಲ. ಆ ಗುಂಡಿಯನ್ನು ಮಾಡಿದವರು ನಮ್ಮನ್ನು ನೆನೆದೇ ಮಾಡಿದರೋ ಇಲ್ಲವೋ, ಅದು ನಮಗೆ ಎಷ್ಟು ದೊಡ್ಡ ಉಪಕಾರ ಎಂಬುದು ನಮಗೇ ಗೊತ್ತು. ಅತ್ತ ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನದ ಜೊತೆಗೆ ಹಳ್ಳಿಯ ಹೆಂಗಸರು ಸಾವಿರಗಟ್ಟಲೆ ಸೈಕಲ್ ಕಲಿತರು. ಅಕ್ಷರ ಮತ್ತು ಚಕ್ರ ಒಟ್ಟಿಗೆ ಬಂದದ್ದು ಆಕಸ್ಮಿಕವಲ್ಲ ಎಂದು ನನ್ನ ಎಣಿಕೆ.

ನನ್ನ ಸರದಿ ಬಂದದ್ದು 1997ರಲ್ಲಿ. ನನ್ನ ಶಾಲೆ ಹುಣಸೂರು ರಸ್ತೆಯ ಒಂದು ಹಳ್ಳಿಯಲ್ಲಿ. ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮೂರು ದಿನ ತಡವಾದರೆ ಒಂದು ರಜೆ ಕಳೆಯುತ್ತಿದ್ದರು. ಅದನ್ನೂ ಸಹಿಸಿದ್ದೆ. ಒಂದು ಮಧ್ಯಾಹ್ನ ಶಾಲೆಯ ಎದುರಿನ ಅಂಗಡಿಗೆ ಫೋನ್ ಬಂತು. ಮೂರು ವರ್ಷದ ಮಗಳಿಗೆ ಜ್ವರ ನೆತ್ತಿಗೇರಿ ಕಣ್ಣು ಮೇಲಾಗಿದೆ, ಆಸ್ಪತ್ರೆಗೆ ಸೇರಿಸಿದ್ದೇವೆ ಎಂದು. ರಸ್ತೆಗೆ ಓಡಿದೆ. ಒಂದೂವರೆ ಗಂಟೆ ಒಂದು ಬಸ್ಸೂ ಬರಲಿಲ್ಲ. ಬಂದ ಲಾರಿಗೆ ಕೈ ಅಡ್ಡ ಹಾಕಿ ಡ್ರೈವರಿನ ಪಕ್ಕ ಕೂತು ಊರು ಸೇರಿದೆ. ಮಗು ಉಳಿಯಿತು. ಆ ರಾತ್ರಿಯೇ ಯಜಮಾನರಿಗೆ ಹೇಳಿದೆ, ನನಗೊಂದು ಗಾಡಿ ಬೇಕು ಅಂತ.

ಹೊಸದಕ್ಕೆ ಹಣವಿರಲಿಲ್ಲ. ಎರಡು ಬಳೆ ಅಡವಿಟ್ಟು, ಸಹಕಾರ ಸಂಘದಲ್ಲಿ ಸಾಲ ಎತ್ತಿದರೆ ಹಳೆಯ ಕೈನೆಟಿಕ್ ಹೋಂಡಾಕ್ಕೆ ಸಾಲುತ್ತಿತ್ತು. ಹಳೆಯ ಗಾಡಿ ನೋಡಲು ತಿಳಿದವರು ಬೇಕಲ್ಲ. ತಿಳಿದವರು ಮನೆಯಲ್ಲೇ ಇದ್ದರು, ಕೇಳುವುದಕ್ಕೆ ನನಗೆ ಬಾಯಿ ಬರಲಿಲ್ಲ. ಏಕೆಂದರೆ ಹಿಂದಿನ ವರ್ಷ, 1996ರಲ್ಲಿ, ಜಾವಾ ಕಾರ್ಖಾನೆ ಮುಚ್ಚಿತ್ತು. ಜಪಾನಿನವರ ಸಹಯೋಗದ, ಪೆಟ್ರೋಲ್ ಕಡಿಮೆ ಕುಡಿಯುವ ಬೈಕುಗಳು 1980ರ ದಶಕದಲ್ಲೇ ಬಂದಿದ್ದವು. 1985ರ ಹೀರೋ ಹೋಂಡಾ ಮೈಲೇಜಿನ ಮಾತಿನಿಂದಲೇ ಮನೆಮಾತಾಗಿತ್ತು. ಹೊಗೆಯ ನಿಯಮಗಳೂ ಬಿಗಿಯಾಗಿದ್ದವು. ಕೆಲಸ ನಿಂತ ಮೇಲೆ ತಂದೆ ಮನೆಯಲ್ಲಿ ಒಂದು ಸ್ಪ್ಯಾನರನ್ನೂ ಮುಟ್ಟಿರಲಿಲ್ಲ. ಅಂಥವರ ಮುಂದೆ ಹೋಂಡಾದ ಹೆಸರಿರುವ ಗಾಡಿ ನೋಡಿಕೊಡಿ ಎನ್ನುವುದು ಹೇಗೆ?

ಅಮ್ಮ ಹೇಳಿಬಿಟ್ಟಳು. ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದೂ ಟೂ ಸ್ಟ್ರೋಕೇ ಅಲ್ಲವಾ? ನಮ್ಮ ಜಾತೀದೇ" ಎಂದು ಎದ್ದು ಅಂಗಿ ಹಾಕಿಕೊಂಡರು.

ಅವತ್ತು ಅವರು ನೋಡಿದ್ದನ್ನೇ ನಾನು ಈಗಲೂ ಎಲ್ಲರಿಗೂ ಹೇಳುವುದು. ಮಾರುವವರ ಮನೆಗೆ ಹೋದ ತಕ್ಷಣ ಎಂಜಿನ್ ಮುಟ್ಟಿ ನೋಡಿದರು. ಬಿಸಿಯಾಗಿತ್ತು. "ನಾಳೆ ಬೆಳಿಗ್ಗೆ ಬರ್ತೀವಿ, ಅಲ್ಲೀತನಕ ಸ್ಟಾರ್ಟ್ ಮಾಡಬೇಡಿ" ಎಂದು ಹೊರಟೇಬಿಟ್ಟರು. ತಣ್ಣಗಿರುವಾಗ ಹೊರಡುವ ಎಂಜಿನ್ನೇ ನಿಜವಾದ ಎಂಜಿನ್ನಂತೆ, ಮೊದಲೇ ಬಿಸಿ ಮಾಡಿಟ್ಟವರು ಏನನ್ನೋ ಮುಚ್ಚುತ್ತಿರಬಹುದಂತೆ. ಮರುದಿನ ಎರಡನೇ ಒತ್ತಿಗೆ ಹೊರಟಿತು. ಮುಂದಿನ ಚಕ್ರ ಎತ್ತಿಸಿ ಅಲುಗಾಡಿಸಿದರು. ಹ್ಯಾಂಡಲ್ ಬಿಟ್ಟರೆ ಒಂದು ಕಡೆ ಎಳೆಯುತ್ತದೆಯೇ ಎಂದು ಓಡಿಸಿ ನೋಡಿದರು. ಆರ್.ಸಿ. ಪುಸ್ತಕದ ನಂಬರನ್ನು ಎಂಜಿನ್ ಮತ್ತು ಚಾಸಿಯ ನಂಬರಿಗೆ ತಾಳೆ ನೋಡಿದರು. ಆಮೇಲೆ ನನ್ನನ್ನು ಕರೆದರು. "ಕೂತ್ಕೋ. ಎರಡು ಕಾಲೂ ಊರು." ಊರಿದೆ. "ಇಳಿದು ಸ್ಟ್ಯಾಂಡ್ ಹಾಕು, ನಾನು ಹಿಡಿಯಲ್ಲ." ಮೂರನೇ ಸಲಕ್ಕೆ ಆಯಿತು. "ತಳ್ಳಿಕೊಂಡು ಆ ಮರದ ತನಕ ಹೋಗಿ ಬಾ." ಹೋಗಿ ಬಂದೆ. "ಸರಿ, ಇದು ನಿನ್ನ ಗಾಡಿ" ಎಂದರು.

ಕಲಿಸಿದವರೂ ಅವರೇ, ಅದೇ ಮಹಾರಾಜ ಕಾಲೇಜಿನ ಮೈದಾನದಲ್ಲಿ. ಸೈಕಲ್ ಗೊತ್ತಿದ್ದರಿಂದ ತೂಕ ಸರಿದೂಗಿಸುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಗಾಬರಿ. ಗಾಬರಿಯಾದಾಗ ಬ್ರೇಕ್ ಹಿಡಿಯುವ ಕೈಯೇ ಆಕ್ಸಲರೇಟರನ್ನೂ ತಿರುಗಿಸಿಬಿಡುತ್ತದೆ. ಎರಡನೇ ದಿನ ಹಾಗೇ ಆಗಿ ಬಿದ್ದೆ. ಮೊಣಕೈ ಸುಲಿಯಿತು, ಸೀರೆ ಹರಿಯಿತು. ಕ್ರಿಕೆಟ್ ಆಡುತ್ತಿದ್ದ ಹುಡುಗರು ನಕ್ಕರು. ತಂದೆ ಓಡಿ ಬರಲಿಲ್ಲ. ನಿಂತಲ್ಲಿಂದಲೇ, "ಮೊದಲು ಎಂಜಿನ್ ಆಫ್ ಮಾಡು. ಆಮೇಲೆ ಎದ್ದೇಳು" ಎಂದರು. ಮನೆಗೆ ಬರುವಾಗ, ಕೇಳದೇ, ತಾವಾಗಿಯೇ ಹೇಳಿದರು: "ಅವತ್ತೇ ನಿನಗೂ ಕಲಿಸಬೇಕಾಗಿತ್ತು." ನಾನು ಏನೂ ಹೇಳಲಿಲ್ಲ. ಹೇಳುವುದಕ್ಕೆ ಏನೂ ಉಳಿದಿರಲಿಲ್ಲ.

ಆ ವರ್ಷದ ಆಯುಧಪೂಜೆ ನಮ್ಮ ಮನೆಯಲ್ಲಿ ಹೇಗೆ ಕಳೆಯುತ್ತದೋ ಎಂದು ಅಮ್ಮನಿಗೆ ಅಳುಕಿತ್ತು. ವರ್ಷ ವರ್ಷವೂ ಕಾರ್ಖಾನೆಯಲ್ಲಿ ಯಂತ್ರಗಳಿಗೆ ಕುಂಕುಮ ಇಟ್ಟು, ಬೂದುಗುಂಬಳ ಒಡೆದು, ಪುರಿಯ ಪೊಟ್ಟಣ ಹಿಡಿದು ಬರುತ್ತಿದ್ದವರು. ಅಂದು ಬೆಳಿಗ್ಗೆ ಎದ್ದು ನೋಡಿದರೆ ಅಂಗಳದಲ್ಲಿ ನನ್ನ ಗಾಡಿ ಥಳಥಳ ಹೊಳೆಯುತ್ತಿತ್ತು. ತಂದೆ ಸ್ಪ್ಯಾನರಿನ ಪೆಟ್ಟಿಗೆಯನ್ನು ತೆಗೆದು ಒಂದೊಂದನ್ನೂ ಒರೆಸಿ, ಗಾಡಿಯ ಮುಂದೆ ಸಾಲಾಗಿ ಜೋಡಿಸಿ ಹೂವಿಟ್ಟಿದ್ದರು.

ಹನ್ನೊಂದು ವರ್ಷ ಆ ಗಾಡಿ ನನ್ನನ್ನು ಹೊತ್ತಿತು. "ಗಾಡಿ ಬಿಡೋ ಮೇಡಂ" ಎಂದು ಹಳ್ಳಿಯಲ್ಲಿ ಹೆಸರಾಯಿತು. ಆಮೇಲೆ ಅದನ್ನೇ ನೋಡಿ ಇಬ್ಬರು ಸಹೋದ್ಯೋಗಿಗಳು ಕೊಂಡರು. 2001ರಿಂದಾಚೆಗೆ ಆಕ್ಟಿವಾ ಬಂದ ಮೇಲಂತೂ ಹೆಂಗಸು ಸ್ಕೂಟರ್ ಓಡಿಸುವುದು ಸುದ್ದಿಯೇ ಅಲ್ಲ.

ಇಷ್ಟೆಲ್ಲ ಕೇಳಿ ಮಗಳು, "ಅಂದರೆ ಮೂರು ಪರೀಕ್ಷೆ. ಕಾಲು ಊರೋದು, ಸ್ಟ್ಯಾಂಡ್ ಹಾಕೋದು, ತಳ್ಳೋದು" ಎಂದಳು. ಹೌದು, ಜೊತೆಗೆ ಒಳ್ಳೆಯ ಹೆಲ್ಮೆಟ್ಟಿನ ದುಡ್ಡನ್ನು ಮೊದಲೇ ಎತ್ತಿಡು ಎಂದೆ. ಬಣ್ಣ, ವೇಗ, ನೆರೆಯವರ ಅಭಿಪ್ರಾಯ ಎಲ್ಲ ಆಮೇಲೆ.

ಅಂಗಡಿಗೆ ಹೋದೆವು. ನಾಲ್ಕಾರು ಗಾಡಿ ಹತ್ತಿ ಇಳಿದು ಕೊನೆಗೆ ಅವಳು ನಿಂತದ್ದು ಜಾವಾದ ಮುಂದೆ. 2018ರಲ್ಲಿ ಆ ಹೆಸರು ಮತ್ತೆ ಬಂತು, ಮಹೀಂದ್ರದವರ ಬೆಂಬಲದ ಕಂಪನಿಯಿಂದ. 2022ರಲ್ಲಿ ಯೆಜ್ಡಿಯೂ ಬಂತು. ಈಗಿನದು ಫೋರ್ ಸ್ಟ್ರೋಕು, ಆ ಹಳೆಯ ಸದ್ದಿಲ್ಲ. ತಯಾರಾಗುವುದು ಮೈಸೂರಿನಲ್ಲಲ್ಲ, ಮಧ್ಯಪ್ರದೇಶದ ಪೀತಂಪುರದಲ್ಲಿ. ಆ ಊರಿನ ಹೆಸರು ಕೇಳಿ ನಾನು ಬೆಚ್ಚಿದೆ. ನನ್ನ ಕೈನೆಟಿಕ್ ಹೋಂಡಾ ಹುಟ್ಟಿದ್ದೂ ಪೀತಂಪುರದಲ್ಲೇ. 2008ರಲ್ಲಿ ಕೈನೆಟಿಕ್‌ನವರ ಸ್ಕೂಟರ್ ವ್ಯವಹಾರವನ್ನು ಮಹೀಂದ್ರದವರು ಕೊಂಡಿದ್ದರು. ತಂದೆ ಇದ್ದಿದ್ದರೆ ಏನನ್ನುತ್ತಿದ್ದರೋ. ಬಹುಶಃ ಎಂಜಿನ್ ಮುಟ್ಟಿ ನೋಡುತ್ತಿದ್ದರು.

ಮಗಳು ಮೂರು ಪರೀಕ್ಷೆಯಲ್ಲೂ ಪಾಸಾದಳು. ಇಳಿದು, "ನೀನೂ ಒಂದು ಸಲ ಕೂತ್ಕೋ ಅಮ್ಮಾ" ಎಂದಳು. ಅಂಗಡಿಯ ಹುಡುಗರು ನೋಡುತ್ತಿದ್ದರು. ಚೂಡಿದಾರ ಹಾಕಿಕೊಂಡು ಬಂದಿದ್ದು ಒಳ್ಳೆಯದಾಯಿತು. ಹತ್ತಿ ಕೂತು ಎರಡು ಕಾಲೂ ಇಳಿಬಿಟ್ಟೆ. ನೆಲಕ್ಕೆ ಎಟುಕಿತು.

ನನ್ನ ಲೈಸೆನ್ಸು ಗೇರಿಲ್ಲದ ಗಾಡಿಯದು. ಹೊಸದಾಗಿ ಎಲ್ ಬೋರ್ಡು ಮಾಡಿಸಬೇಕು. ಅರ್ಜಿ ಹಾಕಿದ್ದೇನೆ.