ಪಾಸ್‌ವರ್ಡ್ ಕೊಟ್ರೆ ಮಾತ್ರ ಪ್ರೀತಿನಾ?

ಗಂಡ-ಹೆಂಡತಿ ಮಧ್ಯೆ ಮುಚ್ಚುಮರೆ ಯಾಕೆ ಅಂತ ನಮ್ಮ ನುಗ್ಗೇಹಳ್ಳಿ ಕಡೆ ಕೇಳ್ತಾರೆ. ಆದರೆ ಸಂಗಾತಿಯ ಚಾಟ್ ಓದೋದು, ಲೈವ್ ಲೊಕೇಶನ್ ಕಡ್ಡಾಯ ಮಾಡೋದು ನನ್ನ ಪ್ರಕಾರ ನಂಬಿಕೆಯಲ್ಲ, ಕಣ್ಗಾವಲು.

ಕಾನೂನು ಏನನ್ನುತ್ತೆ?

2017: ಖಾಸಗಿತನ ಮೂಲಭೂತ ಹಕ್ಕು ಎಂದಿತು ಸುಪ್ರೀಂ ಕೋರ್ಟ್. ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

2023: ಜೀವನಾಂಶ ವಸೂಲಿಗಾಗಿ ಹುಬ್ಬಳ್ಳಿಯ ಮಹಿಳೆಯೊಬ್ಬರು ಗಂಡನ ಆಧಾರ್ ವಿವರ ಕೇಳಿದ್ದರು. ಮದುವೆಯಾದ ಮಾತ್ರಕ್ಕೆ ಖಾಸಗಿತನದ ಹಕ್ಕು ಅಳಿಯಲ್ಲ, ಗಂಡನ ವಾದವನ್ನೂ ಕೇಳಬೇಕು ಎಂದಿತು ಕರ್ನಾಟಕ ಹೈಕೋರ್ಟ್. ಈ ಹಕ್ಕು ಕೆಲವೊಮ್ಮೆ ನ್ಯಾಯ ಕೇಳುವವರಿಗೇ ಅಡ್ಡ ಬರುತ್ತೆ, ನಿಜ.

2025: ಸಂಗಾತಿಯ ಮಾತನ್ನು ಗುಟ್ಟಾಗಿ ರೆಕಾರ್ಡ್ ಮಾಡಿದ್ದು ವಿಚ್ಛೇದನ ವ್ಯಾಜ್ಯದಲ್ಲಿ ಸಾಕ್ಷ್ಯವಾಗಬಹುದು ಎಂದಿತು ಸುಪ್ರೀಂ ಕೋರ್ಟ್. ಜೊತೆಗೊಂದು ಮಾತು: ದಂಪತಿ ಪರಸ್ಪರ ಬೇಹುಗಾರಿಕೆಗೆ ಇಳಿದಿದ್ದಾರೆ ಅಂದ್ರೆ ಸಂಬಂಧ ಆಗಲೇ ಮುರಿದಿದೆ.

ಕೋರ್ಟ್ ಮೆಟ್ಟಿಲು ಹತ್ತೋ ಮುಂಚೆ ಮೂರು ಪ್ರಶ್ನೆ ಕೇಳ್ಕೊಳ್ಳಿ. ನಿಯಮ ಇಬ್ಬರಿಗೂ ಒಂದೇನಾ? ಕೊಟ್ಟ ಪಾಸ್‌ವರ್ಡ್ ಬದಲಿಸೋ ಸ್ವಾತಂತ್ರ್ಯ ಇದೆಯಾ? ‘ಬೇಡ’ ಅಂದ್ರೆ ಭಯ ಆಗುತ್ತಾ? ಕೊನೇದಕ್ಕೆ ಉತ್ತರ ‘ಹೌದು’ ಅಂತಾದ್ರೆ, ಸಮಸ್ಯೆ ಫೋನಿನಲ್ಲಿಲ್ಲ.