ರಾಸಾಯನಿಕ ಅಡ್ಡಬಂಧನ ಮಾಸ್ ಸ್ಪೆಕ್ಟ್ರೋಮೆಟ್ರಿ

ರಾಸಾಯನಿಕ ಅಡ್ಡಬಂಧನ ಮಾಸ್ ಸ್ಪೆಕ್ಟ್ರೋಮೆಟ್ರಿಯು ಪ್ರೋಟೀನುಗಳ ರಚನೆಯನ್ನೂ ಅವುಗಳ ಪರಸ್ಪರ ಸಂಪರ್ಕವನ್ನೂ ಅಧ್ಯಯನ ಮಾಡುವ ಒಂದು ವಿಧಾನ. ಪರಸ್ಪರ ಸಮೀಪವಿರುವ ಎರಡು ಅಮೈನೋ ಆಮ್ಲಗಳನ್ನು ರಾಸಾಯನಿಕದಿಂದ ಬಂಧಿಸಿ, ಆ ಜೋಡಿಯನ್ನು ದ್ರವ್ಯರಾಶಿಯ ಅಳತೆಯಿಂದ ಗುರುತಿಸುವುದು ಇದರ ತತ್ತ್ವ. ಸ್ಫಟಿಕರೂಪಕ್ಕೆ ಸುಲಭವಾಗಿ ಬಾರದ ದೊಡ್ಡ ಪ್ರೋಟೀನ್ ಸಂಕೀರ್ಣಗಳ ಅಧ್ಯಯನದಲ್ಲಿ ಇದು ವಿಶೇಷವಾಗಿ ಉಪಯುಕ್ತವಾಗಿದೆ.

ಕಾರ್ಯವಿಧಾನ

ಅಡ್ಡಬಂಧಕ ಅಣುವಿನ ಎರಡು ತುದಿಗಳಲ್ಲಿಯೂ ಕ್ರಿಯಾಶೀಲ ಗುಂಪುಗಳಿರುತ್ತವೆ. ಹೆಚ್ಚು ಬಳಕೆಯಲ್ಲಿರುವ ಡಿಎಸ್‌ಎಸ್ ಮತ್ತು ನೀರಿನಲ್ಲಿ ಕರಗುವ ಬಿಎಸ್3 ಮುಖ್ಯವಾಗಿ ಲೈಸಿನ್‌ನೊಡನೆ ವರ್ತಿಸುತ್ತವೆ. ಇವುಗಳ ನಡುವಣ ಸರಪಳಿಯ ಉದ್ದ 11.4 ಆಂಗ್‌ಸ್ಟ್ರಾಮ್. ಲೈಸಿನ್‌ಗಳ ಪಾರ್ಶ್ವಸರಪಳಿಗಳನ್ನೂ ಪ್ರೋಟೀನಿನ ಚಲನೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ, ಬಂಧಿತ ಲೈಸಿನ್‌ಗಳ ಆಲ್ಫಾ ಇಂಗಾಲಗಳ ನಡುವಣ ಅಂತರ ಸಾಮಾನ್ಯವಾಗಿ 30 ಆಂಗ್‌ಸ್ಟ್ರಾಮ್ ಮೀರುವುದಿಲ್ಲವೆಂದು ಪರಿಗಣಿಸಲಾಗುತ್ತದೆ.

ಬಂಧನದ ನಂತರ ಪ್ರೋಟೀನನ್ನು ಟ್ರಿಪ್ಸಿನ್ ಕಿಣ್ವದಿಂದ ಪೆಪ್ಟೈಡ್ ತುಣುಕುಗಳಾಗಿ ಕತ್ತರಿಸಿ, ಅವುಗಳ ದ್ರವ್ಯರಾಶಿಯನ್ನು ಅಳೆಯಲಾಗುತ್ತದೆ. ಬಂಧಿತ ಜೋಡಿಗಳು ಒಟ್ಟು ತುಣುಕುಗಳಲ್ಲಿ ಅತ್ಯಲ್ಪ. ಆದರೆ ಪರಿಶೀಲಿಸಬೇಕಾದ ಸಾಧ್ಯತೆಗಳು ಅಪಾರ: 1,000 ತುಣುಕುಗಳಿಂದ ಸುಮಾರು 5 ಲಕ್ಷ ಜೋಡಿಗಳು ಸಾಧ್ಯ. ಉಪಕರಣದೊಳಗೆ ತಾನೇ ತುಂಡಾಗುವ ಡಿಎಸ್‌ಎಸ್‌ಒ ಮೊದಲಾದ ಬಂಧಕಗಳು ಎರಡು ತುಣುಕುಗಳನ್ನು ಪ್ರತ್ಯೇಕವಾಗಿ ಗುರುತಿಸಲು ನೆರವಾಗಿ ಈ ತೊಡಕನ್ನು ತಗ್ಗಿಸುತ್ತವೆ.

ಮಿತಿಗಳು

ಅಡ್ಡಬಂಧವು ರಚನೆಯ ಚಿತ್ರವಲ್ಲ. ಅದು ಅಂತರದ ಗರಿಷ್ಠ ಮಿತಿಯನ್ನಷ್ಟೇ ತಿಳಿಸುತ್ತದೆ. ಬಂಧ ದೊರೆಯದಿದ್ದರೆ ಆ ಭಾಗಗಳು ದೂರದಲ್ಲಿವೆ ಎಂದು ತೀರ್ಮಾನಿಸಲಾಗದು. ಅಲ್ಲಿ ಲೈಸಿನ್ ಇಲ್ಲದಿರಬಹುದು ಅಥವಾ ಅದು ಪ್ರೋಟೀನಿನ ಒಳಗೆ ಹುದುಗಿರಬಹುದು. ತಪ್ಪಾಗಿ ಗುರುತಿಸಿದ ಕೆಲವೇ ಬಂಧಗಳು ಇಡೀ ಮಾದರಿಯನ್ನು ದಾರಿ ತಪ್ಪಿಸಬಲ್ಲವು. ಆದ್ದರಿಂದ ಕೃತಕ ಪೆಪ್ಟೈಡ್ ಅನುಕ್ರಮಗಳೊಡನೆ ಹೋಲಿಸಿ ತಪ್ಪಿನ ಪ್ರಮಾಣವನ್ನು ಅಂದಾಜು ಮಾಡಲಾಗುತ್ತದೆ.

ಇತಿಹಾಸ

2000ರಲ್ಲಿ ಫೈಬ್ರೋಬ್ಲಾಸ್ಟ್ ಬೆಳವಣಿಗೆ ಅಂಶ-2 ಎಂಬ ಪ್ರೋಟೀನಿನ ಮಡಿಕೆಯನ್ನು ಬಿಎಸ್3 ಬಂಧಗಳ ನೆರವಿನಿಂದ ಗುರುತಿಸಲಾಯಿತು. 2010ರಲ್ಲಿ ಆರ್‌ಎನ್‌ಎ ಪಾಲಿಮರೇಸ್-2 ಮತ್ತು ಟಿಎಫ್‌ಐಐಎಫ್ ಸಂಕೀರ್ಣದ ಅಧ್ಯಯನವು ಬಹುಘಟಕ ಸಂಕೀರ್ಣಗಳಿಗೂ ಈ ವಿಧಾನ ಒಗ್ಗುವುದೆಂದು ತೋರಿಸಿತು.

ಕರ್ನಾಟಕದಲ್ಲಿ

ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದಲ್ಲಿ ಶ್ರುತಿ ವಿಶ್ವನಾಥ್ ಅವರ ತಂಡವು ಅಡ್ಡಬಂಧ ದತ್ತಾಂಶವನ್ನು ಎಕ್ಸ್-ಕಿರಣ ರಚನೆಗಳು ಹಾಗೂ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ನಕ್ಷೆಗಳೊಂದಿಗೆ ಜೋಡಿಸಿ ಸಮಗ್ರ ಮಾದರಿಗಳನ್ನು ರೂಪಿಸುತ್ತದೆ. ವಂಶವಾಹಿಗಳ ಅಭಿವ್ಯಕ್ತಿಯನ್ನು ನಿಯಂತ್ರಿಸುವ ನುರ್ಡ್ ಸಂಕೀರ್ಣದ ಇಂತಹ ಮಾದರಿಯನ್ನು ಈ ತಂಡವು ಆಸ್ಟ್ರೇಲಿಯಾದ ಸಂಶೋಧಕರೊಡನೆ 2022ರಲ್ಲಿ ಪ್ರಕಟಿಸಿತು.