ಗಣಿ ಕಾರ್ಮಿಕರ ಸುರಕ್ಷತಾ ತರಬೇತಿ

ಗಣಿಯ ಅಪಾಯಗಳನ್ನು ಮೊದಲೇ ಗುರುತಿಸಿ, ಅವಘಡದಲ್ಲಿ ಪಾರಾಗಲು ಕಾರ್ಮಿಕರಿಗೆ ಕೊಡುವ ಶಿಕ್ಷಣ. ಭಾರತದಲ್ಲಿ 1952ರ ಗಣಿ ಕಾಯ್ದೆಯಡಿ ಬಂದ 1966ರ ಗಣಿ ವೃತ್ತಿ ತರಬೇತಿ ನಿಯಮಗಳು ಇದನ್ನು ಕಡ್ಡಾಯ ಮಾಡಿದವು. ಹೊಸಬರಿಗೆ ಮೂಲ ತರಬೇತಿ, ಹಳಬರಿಗೆ ನಿಯತಕಾಲಿಕ ಪುನರ್‌ತರಬೇತಿ. ಉಸ್ತುವಾರಿ ಧನಬಾದ್‌ನ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ್ದು.

ಅಪಾಯ ಗಣಿಯಿಂದ ಗಣಿಗೆ ಬೇರೆ. ಕಲ್ಲಿದ್ದಲು ಗಣಿಯಲ್ಲಿ ಮೀಥೇನ್ ಸ್ಫೋಟದ ಭಯ; ನೀರೂ ಅಷ್ಟೇ ಕ್ರೂರಿ. 1975ರ ಡಿಸೆಂಬರ್ 27ರಂದು ಧನಬಾದ್ ಬಳಿಯ ಚಾಸ್ನಾಲಾ ಕಲ್ಲಿದ್ದಲು ಗಣಿಗೆ ನೀರು ನುಗ್ಗಿ 370ಕ್ಕೂ ಹೆಚ್ಚು ಮಂದಿ ಸತ್ತರು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದ ಕೋಲಾರದ ಚಿನ್ನದ ಗಣಿಗಳಲ್ಲಿ ಒತ್ತಡಕ್ಕೆ ಬಂಡೆಯೇ ಸಿಡಿಯುತ್ತಿತ್ತು. ಸಿಲಿಕಾ ದೂಳಿನದು ನಿಧಾನದ ಕೊಲೆ: ಶ್ವಾಸಕೋಶ ಗಟ್ಟಿಯಾಗುವ ಸಿಲಿಕೋಸಿಸ್‌ಗೆ ಮದ್ದಿಲ್ಲ. ಹಾಗಾಗಿ ನೀರು ಹಾಯಿಸಿಯೇ ಕೊರೆಯಬೇಕೆಂದು ಕಲಿಸುತ್ತಾರೆ.

ಕಲಿಕೆಯ ಜೀವಾಳ ಕೈಯ ಅಭ್ಯಾಸ. ಚಾವಣಿಯನ್ನು ಸಲಾಕೆಯಿಂದ ತಟ್ಟಿದಾಗ ಖಣ್ ಎಂಬ ಸದ್ದು ಬಂದರೆ ಬಂಡೆ ಭದ್ರ, ಟೊಳ್ಳು ಸದ್ದಾದರೆ ಸಡಿಲ. ಸಿಡಿಮದ್ದು ಉಳಿದಿರಬಹುದಾದ ಹಳೆಯ ಕುಳಿಯಲ್ಲಿ ಮತ್ತೆ ಕೊರೆಯಕೂಡದು. ಕಾರ್ಮಿಕನಿಗೆ ತಿಳಿಯುವ ಭಾಷೆಯಲ್ಲಿ ನಡೆಯದ ತರಬೇತಿ ಕೇವಲ ಹಾಜರಿ. ಗುತ್ತಿಗೆ ಕಾರ್ಮಿಕರಿಗೂ ಈ ತರಬೇತಿ ಕಡ್ಡಾಯ.